ಮೊದಲು ನೀರು ಬೆಲ್ಲ, ಆಮೇಲೆ ಬೇಸಿನ್

2019ರಲ್ಲಿ ನಾನು ಬೇಸಿನ್, ಬೈರಾಸು (ಟವೆಲ್) ಹಿಡಿದು ವಯಸ್ಸಾದವರ ಮನೆಗಳಿಗೆ ಕಾಲು ತೊಳೆಯಲು ಹೊರಟಾಗ ನಮ್ಮ ಕ್ರೈಸ್ತ ಸಭೆಯಲ್ಲಿ ಬೇಡ ಅಂದವರೇ ಜಾಸ್ತಿ. ಕಮಿಟಿಯಲ್ಲಿ ಒಬ್ಬರು ಎದ್ದು ನಿಂತು, "ಇವಾ ಲೊಂಬಾರ್ಡ್ ಡಾಕ್ಟರಮ್ಮ 1923ರಲ್ಲೇ ಉಡುಪಿಗೆ ಮಿಶನ್ ಆಸ್ಪತ್ರೆ ಮಾಡಿ ಕೊಟ್ಟಾಗಿದೆ. ಈಗ ನೀವು ಬೇಸಿನ್ ಹಿಡ್ಕೊಂಡು ಹೋಗಿ ಎಂತ ಮಾಡುದು?" ಎಂದು ಕೇಳಿದ್ದರು. ಈಗ ಅವರೇ ಫೋನ್ ಮಾಡಿ, ತಮ್ಮ ತಾಯಿಯ ಹತ್ತಿರ ಯಾವಾಗ ಬರ್ತೀರಿ ಎಂದು ಕೇಳುತ್ತಾರೆ. ಈಗ 31 ಮನೆ ಆಗಿದೆ. ಒಂಬತ್ತು ಜನ ಇದ್ದೇವೆ.

ಮನೆ ಭೇಟಿ ಮಾಡುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ 22 ವರ್ಷ ಕೆಲಸ ಮಾಡಿದವಳು. ಗಾಯ ಕಟ್ಟುವುದು, ಉಗುರು ತೆಗೆಯುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಆ ಕೋಣೆಗೆ ಶುಗರ್ ಇದ್ದವರು ಬರುತ್ತಿದ್ದದ್ದು ಬೆರಳು ಕಪ್ಪಾದ ಮೇಲೆ. ಎರಡು ವಾರ ಮೊದಲು ಯಾರಾದರೂ ಬಗ್ಗಿ ಅಂಗಾಲು ನೋಡಿದ್ದರೆ ಸಾಕಿತ್ತು. ಎಂಬತ್ತು ದಾಟಿದವರಿಗೆ ತಮ್ಮ ಅಂಗಾಲು ತಮಗೇ ಕಾಣುವುದಿಲ್ಲ. ಮಕ್ಕಳು ಮಾತ್ರೆ ತರುತ್ತಾರೆ, ಬಿಪಿ ನೋಡುತ್ತಾರೆ, ಕಾಲು ಮಾತ್ರ ಯಾರೂ ನೋಡುವುದಿಲ್ಲ. ಆ ವರ್ಷ ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ದಿನ, ಪಕ್ಕದ ಕಥೋಲಿಕ ಇಗರ್ಜಿಗೆ ಗೆಳತಿಯ ಜೊತೆ ಹೋಗಿದ್ದೆ. ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆದು, ಒರೆಸಿ, ಮುತ್ತಿಟ್ಟರು. ಹನ್ನೆರಡೂ ಶುದ್ಧವಾದ ಕಾಲುಗಳು. ನನ್ನ ಕಣ್ಣ ಮುಂದೆ ಬಂದದ್ದು ಡ್ರೆಸ್ಸಿಂಗ್ ಕೋಣೆಯ ಕಾಲುಗಳು. ಮುಂದಿನ ವಾರವೇ ನಾಲ್ಕು ಮನೆ ಗೊತ್ತು ಮಾಡಿಕೊಂಡೆ.

ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಅಲ್ಲೇ ಎಡವುತ್ತಾರೆ. ಮೊದಲ ವರ್ಷ ಸುಮಾರು 14,000 ರೂಪಾಯಿ ಖರ್ಚು ಮಾಡಿದೆ. ಸ್ಟೀಲಿನ ಬೇಸಿನ್ ಆರು, ಬಿಳಿ ಬೈರಾಸು ಎರಡು ಡಜನ್, ಮೇಲೆ ಬೈಬಲ್ ವಾಕ್ಯ ಬರೆಸಿದ ಚೀಲ. ಎಲ್ಲ ದಂಡ. ಸ್ಟೀಲಿನಲ್ಲಿ ನೀರು ಬೇಗ ತಣಿಯುತ್ತದೆ. ಬಿಳಿ ಬಟ್ಟೆ ಒಂದೇ ಮಳೆಗಾಲದಲ್ಲಿ ಕರಿ ತಿಂದಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ ಒಂದೇ ಬೇಸಿನ್ ನಾಲ್ಕು ಮನೆ ಸುತ್ತುತ್ತಿತ್ತು. ಒಬ್ಬರ ಬೆರಳ ಸಂದಿಯ ಕೆಸರು ಹುಣ್ಣು ಇನ್ನೊಬ್ಬರಿಗೆ ಹೊತ್ತುಕೊಂಡು ಹೋದ ಹಾಗೆ ಅಲ್ವಾ? ಈಗ ಪ್ರತಿ ಮನೆಗೆ ಅವರದ್ದೇ ಪ್ಲಾಸ್ಟಿಕ್ ಬೇಸಿನ್, ಅವರದ್ದೇ ನೈಲ್ ಕಟರ್, ಅವರದ್ದೇ ಹಳೆ ಬೈರಾಸು. ಅದು ಅವರ ಮಂಚದ ಕೆಳಗೇ ಇರುತ್ತದೆ. ನಾನು ಒಯ್ಯುವುದು ಟಾರ್ಚ್, ಎಣ್ಣೆ ಮತ್ತು ಒಂದು ಮಣೆ. ವರ್ಷಕ್ಕೆ ಮನೆಯೊಂದಕ್ಕೆ 450 ರೂಪಾಯಿ ಬೀಳುತ್ತದೆ. ಆಗ ನಾಲ್ಕು ಮನೆಗೆ ಹೋದ ಹಣದಲ್ಲಿ ಈಗ ಮೂವತ್ತು ಮನೆ ನಡೆಯುತ್ತದೆ. ಇದನ್ನು ನಾನು ಎಲ್ಲಿ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಒಂದು ಕಡೆಯಿಂದ 25,000 ಕೊಡುತ್ತೇವೆ, ಕಾಲು ತೊಳೆಯುವ ಫೋಟೋ ಬೇಕು ಎಂದರು. ಬೇಡ ಎಂದೆ. ಕಮಿಟಿಯಲ್ಲಿ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಿಲ್ಲ. ಆ ವರ್ಷ ಸಭೆಯ ಬೆಳೆ ಹಬ್ಬದ ಏಲಂಗೆ (ಹರಾಜಿಗೆ) ನಮ್ಮ ಹಿತ್ತಿಲಿನ ಬಾಳೆಗೊನೆ, ಸುವರ್ಣಗೆಡ್ಡೆ, ಎರಡು ಊರ ಕೋಳಿ ಇಟ್ಟೆವು. ಹೆಚ್ಚುಕಡಿಮೆ 9,000 ಬಂತು. ಈಗ ಪ್ರತಿವರ್ಷ ಹೀಗೇ.

ಇನ್ನು ಸೋತದ್ದು. ಕಟಪಾಡಿ ಕಡೆಯ ಒಬ್ಬ ಅಜ್ಜ, ಇಪ್ಪತ್ತು ವರ್ಷದ ಶುಗರ್. ನಾನು ನೀರಿನ ಹದ ನೋಡಿ ಇಟ್ಟು, ಚೀಲದಲ್ಲಿ ನೈಲ್ ಕಟರ್ ಹುಡುಕುತ್ತಿದ್ದೆ. ತಣಿದಿರಬಹುದು ಎಂದು ಸೊಸೆ ಹಂಡೆಯಿಂದ ಒಂದು ಚೆಂಬು ತಂದು ಸುರಿದಳು. "ಹದ ಉಂಟಾ ಅಜ್ಜ?" ಎಂದು ಕೇಳಿದೆ. "ಉಂಟು ಉಂಟು, ಒಳ್ಳೆ ಹಿತ ಆಗ್ತದೆ" ಎಂದರು. ಶುಗರಿನಿಂದ ಮರಗಟ್ಟಿದ ಅವರ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಮಾತು ನಂಬಿದೆ. ಮರುದಿನ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೊಕ್ಕೆ. ಮೂರು ವಾರ ಡ್ರೆಸ್ಸಿಂಗ್ ಮಾಡಿಸಿದೆ. ನನ್ನ ಕೈಯಿಂದ 3,400 ಹೋಯಿತು. ರಾತ್ರಿ ನಿದ್ರೆ ಇಲ್ಲ. ನಿಲ್ಲಿಸಿಬಿಡಿ ಎಂದು ಹಿತೈಷಿಗಳೂ ಹೇಳಿದರು, ನಾನೂ ನಿಲ್ಲಿಸಿದೆ. ಮತ್ತೆ ಕರೆದದ್ದು ಆ ಅಜ್ಜನೇ. "ಒಂದು ಕಾಲು ಗುಣ ಆಯ್ತು. ಇನ್ನೊಂದನ್ನು ಯಾರು ನೋಡುದು ಸಿಸ್ಟರೇ?" ಎಂದರು. ಅಂದಿನಿಂದ ನೀರು ಮುಟ್ಟುವುದು ಒಬ್ಬರೇ, ಪ್ರತಿಸಲ ಮೊಣಕೈ ಅದ್ದಿ. ಮಕ್ಕಳ ಸ್ನಾನದ ಥರ್ಮಾಮೀಟರ್ ಸಹ ತಂದು ನೋಡಿದ್ದೆ. ಎರಡು ಒಡೆದವು. ಮೊಣಕೈಯೇ ಸಾಕು.

ನೆನೆಸುವ ವಿಷಯದಲ್ಲೂ ತಪ್ಪಿದ್ದೆ. ಕುಷ್ಠ ಆದವರ ಒಣಗಿದ ಕಾಲನ್ನು ಇಪ್ಪತ್ತು ನಿಮಿಷ ನೆನೆಸಿ, ಉಜ್ಜಿ, ಎಣ್ಣೆ ಹಚ್ಚುವ ಕ್ರಮ ಹಿರಿಯ ಸಿಸ್ಟರೊಬ್ಬರಿಂದ ಕಲಿತದ್ದು. ಅದನ್ನೇ ಶುಗರಿನವರಿಗೂ ಮಾಡಿದೆ. ಬೆರಳ ಸಂದಿ ಬಿಳುಚಿ ಒಡೆಯಿತು. ಈಗ ಎರಡೇ ನಿಮಿಷ ತೊಳೆದು, ಸಂದಿ ಸಂದಿ ಒರೆಸಿ, ಎಣ್ಣೆ ಅಂಗಾಲಿಗೆ ಮಾತ್ರ. ಸಂದಿಗೆ ಎಣ್ಣೆ ಬೇಡವೇ ಬೇಡ. ಆಣಿಗೆ ಬ್ಲೇಡ್ ಹಾಕುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಮಾಡಬೇಡಿ.

ಒಡೆದ ಹಿಮ್ಮಡಿಗೆ ಪುನರ್ಪುಳಿ (ಕೋಕಂ) ಬೀಜದ ತುಪ್ಪ ಹಚ್ಚಿ ನೋಡಿದ್ದೇನೆ. ಹಿಂದಿನವರು ಮಾಡುತ್ತಿದ್ದದ್ದೇ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡು ತೆಗೆಯಬೇಕು. ಎರಡು ದಿನದ ಕೆಲಸ, ಸಿಗುವುದು ಅಂಗೈಯಷ್ಟು. ಆದರೆ ಗಟ್ಟಿಯಾಗಿ ನಿಲ್ಲುತ್ತದೆ, ಕೊಬ್ಬರಿ ಎಣ್ಣೆಯ ಹಾಗೆ ಹರಿದು ನೆಲಕ್ಕೆ ಜಾರುವುದಿಲ್ಲ. ಜಾರಿ ಬಿದ್ದರೆ ಸೊಂಟವೇ ಹೋಯಿತು, ಅದೂ ನೋಡಬೇಕಲ್ಲ. ಅರಿಶಿನವನ್ನೂ ಹಾಕಿ ನೋಡಿ ಬಿಟ್ಟುಬಿಟ್ಟೆ. ಹಳದಿ ಬಣ್ಣದಲ್ಲಿ ಕಾಲು ಕೆಂಪಾದದ್ದು ಕಾಣುವುದಿಲ್ಲ. ಸುರುಳಿ ಸುತ್ತಿದ ದಪ್ಪ ಉಗುರನ್ನು ನೋವಾಗದೆ ತೆಗೆಯಲು ನನ್ನದೇ ಒಂದು ದಾರಿ ಇದೆ. ಅದನ್ನು ಬರೆದು ತಿಳಿಸಲು ಆಗುವುದಿಲ್ಲ, ಕೈಹಿಡಿದೇ ಕಲಿಸಬೇಕು. ಬೇಕಾದವರು ಒಂದು ದಿನ ಜೊತೆಗೆ ಬನ್ನಿ.

ಇಷ್ಟೆಲ್ಲ ಸರಿಯಾದ ಮೇಲೂ ಕೆಲಸ ಓಡಲಿಲ್ಲ. ಕಾರಣ, ಜನ ಕಾಲು ಕೊಡುತ್ತಿರಲಿಲ್ಲ. ಹತ್ತು ಮನೆಗೆ ಹೋದರೆ ಏಳರಲ್ಲಿ ಬೇಡ. ಯೇಸು ಕಾಲು ತೊಳೆಯಲು ಬಂದ ರಾತ್ರಿ ಶಿಷ್ಯ ಪೇತ್ರನು ಬೇಡವೆಂದ ಹಾಗೇ, ಮನೆ ಮನೆಯಲ್ಲೂ ಒಬ್ಬ ಪೇತ್ರ. ನಾನು ಇನ್ನೂ ಮೆತ್ತಗೆ ಮಾತಾಡಿದೆ, ವಾಕ್ಯ ಓದಿದೆ, ಮಣೆ ತಗ್ಗಿಸಿದೆ. ಯಾವುದೂ ನಡೆಯಲಿಲ್ಲ.

ಮಲ್ಪೆ ಕಡೆ ಒಬ್ಬ ಅಜ್ಜಿ. ಜೀವಮಾನವಿಡೀ ಮೀನು ಮಾರಿದವರು. ನಮ್ಮ ಸಭೆಯವರಲ್ಲ. "ನಮ್ಮವರಿಗೆ ಮಾತ್ರ ಮಾಡಿದರೆ ಸಾಕು" ಎಂದು ಕೆಲವರು ಹೇಳಿದಾಗ ನಾನು ಪೋಪ್ ಫ್ರಾನ್ಸಿಸ್ ಅವರ ಮಾತು ತೆಗೆದಿದ್ದೆ. 2013ರ ಪವಿತ್ರ ಗುರುವಾರ ಅವರು ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ತೊಳೆದ ಹನ್ನೆರಡು ಜನರ ಕಾಲಿನಲ್ಲಿ ಒಬ್ಬ ಮುಸ್ಲಿಂ ಹುಡುಗಿಯ ಕಾಲೂ ಇತ್ತು. ಸರಿ, ಅಜ್ಜಿಯ ಮನೆಗೆ ಮೂರು ಸಲ ಹೋದೆ. ಮೂರು ಸಲವೂ ಸೀರೆಯ ಅಂಚು ಎಳೆದು ಕಾಲು ಮುಚ್ಚಿಕೊಂಡರು. "ನೀನು ನನ್ನ ಕಾಲು ಮುಟ್ಟುದಾ? ನನಗೆ ಪಾಪ ಬರ್ತದೆ ಮಗಾ."

ನಾಲ್ಕನೇ ಸಲ ಹೋದದ್ದು ಏಪ್ರಿಲ್ ಮಧ್ಯಾಹ್ನ. ಬಸ್ಸು ತಪ್ಪಿ ನಡೆದುಕೊಂಡೇ ಹೋಗಿದ್ದೆ. ಜಗಲಿಯಲ್ಲಿ ಕುಸಿದು ಕುಳಿತು, "ಅಜ್ಜೀ, ಸ್ವಲ್ಪ ನೀರು ಕೊಡ್ತೀರಾ?" ಎಂದೆ. ಅವರು ಗೋಡೆ ಹಿಡಿದು ಎದ್ದರು. ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಂದು ಚೆಂಬು ನೀರು, ಸಣ್ಣ ತಟ್ಟೆಯಲ್ಲಿ ಬೆಲ್ಲದ ತುಂಡು ಹಿಡಿದು ಬಂದರು. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದರು. "ಇನ್ನೊಂದು ಸ್ವಲ್ಪ ತರುದಾ?" ಎಂದರು. ಆಮೇಲೆ ಎದುರು ಕುಳಿತು, ತಾವಾಗಿ ಬಲಗಾಲು ಚಾಚಿದರು. "ಈ ಕಿರುಬೆರಳು ಎಂತ ಆಗಿದೆ ನೋಡು."

ಟಾರ್ಚ್ ಹಿಡಿದೆ. ಕಿರುಬೆರಳ ಅಡಿಯಲ್ಲಿ ಕಡಲೆಬೇಳೆಯಷ್ಟು ದೊಡ್ಡ ಗಾಯ, ಒಳಗೆ ಮೀನಿನ ಮುಳ್ಳಿನ ತುದಿ. ಎಷ್ಟು ದಿನದ್ದೋ, ಅವರಿಗೆ ಗೊತ್ತೇ ಇಲ್ಲ. ಅವತ್ತೇ ರಿಕ್ಷಾ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಐದು ವಾರದಲ್ಲಿ ಮಾಯಿತು. ಬೆರಳು ಉಳಿಯಿತು.

ಆ ರಾತ್ರಿ ಯೋಹಾನನ ಸುವಾರ್ತೆ ತೆಗೆದು ನೋಡಿದೆ. ಕಾಲು ತೊಳೆದದ್ದು 13ನೇ ಅಧ್ಯಾಯದಲ್ಲಿ. ಅದಕ್ಕಿಂತ ಎಷ್ಟೋ ಮೊದಲು, 4ನೇ ಅಧ್ಯಾಯದಲ್ಲಿ, ಯೇಸು ದಣಿದು ಬಾವಿಯ ಬಳಿ ಕುಳಿತು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಕೊಡುವವನು ಮೊದಲು ಬೇಡಿದ್ದಾನೆ. ಎಷ್ಟು ಸಲ ಓದಿದ್ದೆ, ನಮ್ಮ ಊರಿನ ನೀರು ಬೆಲ್ಲಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಹೊಳೆದಿರಲಿಲ್ಲ. ನಾನು ನಾಲ್ಕು ಮನೆಯ ಬಾಗಿಲಲ್ಲಿ ಬರೀ ಕೊಡುವವಳಾಗಿ ನಿಂತಿದ್ದೆ. ಅದಕ್ಕೇ ಅವರು ಕಾಲು ಮುಚ್ಚಿಕೊಂಡದ್ದು.

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಹೋದ ಕೂಡಲೇ ನೀರು ಕೇಳುವುದು. ಕೊಟ್ಟದ್ದನ್ನು ಪೂರ್ತಿ ಕುಡಿಯುವುದು. ಅವರು ಏನಾದರೂ ಹೇಳಿಕೊಟ್ಟರೆ ಕಲಿಯುವುದು. ಬಂಗುಡೆಯನ್ನು ಬೇಗ ಹೆಚ್ಚುವುದು ಹೇಗೆಂದು ನನಗೆ ಅಜ್ಜಿಯೇ ಕಲಿಸಿದ್ದು. ಪ್ರಾರ್ಥನೆ ಅವರು ಕೇಳಿದರೆ ಮಾತ್ರ. ಈಗ ಹತ್ತರಲ್ಲಿ ಒಂಬತ್ತು ಮನೆಯವರು ಕಾಲು ಕೊಡುತ್ತಾರೆ. ನಡುವೆ ಕೊರೊನಾದಲ್ಲಿ ಒಂದೂವರೆ ವರ್ಷ ನಿಂತಿತ್ತು. ಆಗ ತೀರಿಹೋದ ಇಬ್ಬರ ಬೇಸಿನ್ ಇನ್ನೂ ನನ್ನ ಹತ್ತಿರ ಇದೆ, ಬೇರೆಯವರಿಗೆ ಕೊಡಲು ಮನಸ್ಸಾಗಿಲ್ಲ.

ಕಷ್ಟದ ಮನೆ ಒಂದೇ. ನಮ್ಮ ಪಕ್ಕದ ಜಾಗದವರು. ಬೇಲಿ ವಿಷಯದಲ್ಲಿ ಕೋರ್ಟಿಗೆ ಹೋಗಿ ಹನ್ನೆರಡು ವರ್ಷದಿಂದ ಮಾತಿಲ್ಲ. ಅವರ ಹೆಂಡತಿ ಫೋನ್ ಮಾಡಿ, ಯಜಮಾನರ ಕಾಲು ನೋಡ್ತೀರಾ ಎಂದು ಕೇಳಿದರು. ಒಂದು ವಾರ ಉತ್ತರ ಕೊಡಲಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನು ಎದ್ದು ಹೊರಗೆ ಹೋದದ್ದು ಕಾಲು ತೊಳೆದಾದ ಮೇಲೆ, ಮೊದಲಲ್ಲ. ಅದು ನೆನಪಾಗಿ ಹೋದೆ. ಹೋಗಿ, ಬಾಗಿಲಲ್ಲಿ ನೀರು ಕೇಳಿದೆ. ಆ ಮನೆಯಲ್ಲಿ ನೀರು ಕೇಳಲು ಎಷ್ಟು ಕಷ್ಟ ಆಯಿತೆಂದರೆ, ಕಾಲು ತೊಳೆಯುವುದು ಆಮೇಲೆ ಸುಲಭವೇ ಆಯಿತು. ಇಬ್ಬರೂ ಒಂದು ಮಾತು ಆಡಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಕಳೆದ ಸಲ ನೀರಿನ ಜೊತೆ ಬೆಲ್ಲವನ್ನು ಅವರೇ ತಂದಿಟ್ಟರು.

ಈ ಗುರುವಾರ ಉದ್ಯಾವರದಲ್ಲಿ ಎರಡು ಹೊಸ ಮನೆ ಉಂಟು. ಒಬ್ಬರು ಬೇಡವೆಂದು ಈಗಾಗಲೇ ಹೇಳಿ ಕಳಿಸಿದ್ದಾರೆ. ಮನೆಯಿಂದ ನೀರು ಕುಡಿಯದೆ ಹೊರಡುತ್ತೇನೆ.