ಅಂಗಳದ ಏಳು ಚುಕ್ಕಿ, ಪಿಟೀಲಿನ ಒಂದು ಆವರ್ತ

ಎರಡು ವರ್ಷದ ಹಿಂದಿನ ಧನುರ್ಮಾಸದಲ್ಲಿ ಪಿಟೀಲು ನುಡಿಸುವ ನನ್ನ ಕಲ್ಪನಾಸ್ವರ, ಅಂದರೆ ತಾಳಕ್ಕೆ ಕೂರಿಸಿ ಆ ಕ್ಷಣದಲ್ಲೇ ಕಟ್ಟುವ ಸ್ವರಗಳು, ಬತ್ತಿಹೋಗಿತ್ತು. ಮೋಹನ ರಾಗ ಎತ್ತಿಕೊಂಡರೆ ಬೆರಳುಗಳು ತಾವಾಗಿಯೇ ಓಡುತ್ತಿದ್ದವು, ತೊಂದರೆ ಇದ್ದದ್ದೇ ಅಲ್ಲಿ. ಎಲ್ಲಿ ಚೂರು ಸಂದು ಸಿಕ್ಕರೂ ಕಮಾನು ಅದನ್ನು ತುಂಬಿಬಿಡುತ್ತಿತ್ತು. ಜೊತೆಗೆ ಮೃದಂಗ ನುಡಿಸುವ ಗೆಳೆಯರು ಒಂದು ದಿನ ಅಭ್ಯಾಸ ಮುಗಿದ ಮೇಲೆ, "ನೀವು ಉಸಿರು ಬಿಟ್ಟರೆ ತಾನೇ ನಾನು ಎರಡು ಸೊಲ್ಲು ಹಾಕುವುದು?" ಎಂದರು. ಆ ಮಾತು ನಾಟಿತು.

ಮರುದಿನ ನಸುಕಿನಲ್ಲಿ, ಮಲ್ಲೇಶ್ವರದ ನಮ್ಮ ಮನೆಯ ಮುಂದೆ ಅತ್ತೆ ರಂಗೋಲಿ ಇಡುತ್ತಿದ್ದರು. ನೇರ ಚುಕ್ಕಿ, ಏಳರಿಂದ ಒಂದು, ಎರಡೂ ಕಡೆಗೆ. ನಾನೂ ಪುಡಿ ತೆಗೆದುಕೊಂಡು ಒಂದು ಎಳೆ ಸುತ್ತಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಎಳೆ ಚುಕ್ಕಿಗೆ ತಾಗಬಾರದು ಕಣಮ್ಮ. ಸುತ್ತ ಜಾಗ ಬಿಡು." ಬಗ್ಗಿ ನೋಡಿದೆ. ಅಷ್ಟು ಹೊತ್ತೂ ನನಗೆ ಕಾಣುತ್ತಿದ್ದದ್ದು ಬಿಳಿ ಎಳೆ ಮಾತ್ರ. ಆಗ ಮೊದಲ ಬಾರಿಗೆ ಎಳೆಗೂ ಚುಕ್ಕಿಗೂ ನಡುವೆ ಉಳಿದ ಒದ್ದೆ ನೆಲ ಕಂಡಿತು. ರಂಗೋಲಿಯ ಅಂದವೆಲ್ಲ ಆ ನೆಲದಿಂದಲೇ ಬರುತ್ತಿತ್ತು.

ಒಳಗೆ ಬಂದು ಚುಕ್ಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡೆ. ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು: ಒಟ್ಟು 25. ಎರಡು ತುದಿಯಲ್ಲಿ ಸಣ್ಣ, ನಡುವೆ ದಪ್ಪ. ಸಂಗೀತದಲ್ಲಿ ನಾವು ಮೃದಂಗ ಯತಿ ಎನ್ನುವ ಆಕಾರವೇ ಇದು. ಚುಕ್ಕಿಯ ಜಾಗದಲ್ಲಿ ಮೋಹನದ ಸ್ವರಗಳನ್ನು ಇಟ್ಟೆ:

ಗ
ಗ ಪ ಗ
ಗ ಪ ದ ಪ ಗ
ಗ ಪ ದ ಸ ದ ಪ ಗ
ಗ ಪ ದ ಪ ಗ
ಗ ಪ ಗ
ಗ

ನಡುವಿನ ಸ ತಾರ ಷಡ್ಜ, ಮೇಲಿನ ಸ್ಥಾಯಿಯ ಸ. ಪ್ರತಿ ಸಾಲಿನ ಮಧ್ಯದ ಸ್ವರವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ನಾಲ್ಕನೆಯ ಸಾಲೇ ಮತ್ತೆ ಸಿಗುತ್ತದೆ. ಇದನ್ನು ಕಂಡಾಗ ನನಗಾದ ಸಂತೋಷ ಹೇಳತೀರದು.

ಎಂಟು ಎಣಿಕೆಯ ಆದಿತಾಳದ ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, ಎಣಿಕೆಗೆ ನಾಲ್ಕರಂತೆ ಸಾಗುವ ಚತುರಶ್ರ ನಡೆಯಲ್ಲಿ 32 ಮಾತ್ರೆ. 25 ಸ್ವರಕ್ಕೆ ಹೋದರೆ ಉಳಿಯುವುದು ಏಳು. ಹಿಂದಿನ ನಾನಾಗಿದ್ದರೆ ಆ ಏಳನ್ನೂ ಸ್ವರದಿಂದಲೇ ತುಂಬುತ್ತಿದ್ದೆ. ಈ ಸಲ ಸಾಲು ಸಾಲಿನ ನಡುವೆ ಒಂದೊಂದು ಮಾತ್ರೆ ಖಾಲಿ ಬಿಟ್ಟೆ. ಅಂಥ ಸಂದು ಆರು. ಮಿಕ್ಕ ಒಂದನ್ನು ಆರಂಭದಲ್ಲಿ ಬಿಟ್ಟು, ಆವರ್ತ ಶುರುವಾಗುವ ಸಮ ಕಳೆದು ಒಂದು ಮಾತ್ರೆಯ ನಂತರ ಎತ್ತಿಕೊಂಡೆ. ಕೊನೆಯ ಗ, ಅಂದರೆ ಗಾಂಧಾರ, ಮುಗಿಯುತ್ತಲೇ ಸಮ ಬಂದು ನಿಂತಿತು. ಅಭ್ಯಾಸಕ್ಕೆ ಬಂದ ಗೆಳೆಯರು ಎರಡನೆಯ ಸುತ್ತಿಗೇ ಆ ಸಂದುಗಳಲ್ಲಿ ಒಂದೊಂದು ಮೆಲ್ಲನೆಯ ಪೆಟ್ಟು ಇಟ್ಟರು. ಏನೂ ಹೇಳಲಿಲ್ಲ, ನಕ್ಕರು.

ಆಮೇಲೆ ಚಿತ್ರ ಕಂಡಲ್ಲೆಲ್ಲ ನಿಲ್ಲುವ ಅಭ್ಯಾಸವಾಯಿತು. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಬಣ್ಣಕ್ಕೊಂದು ರಾಗ ಹೊಂದಿಸಲು ನೋಡಿದೆ. ಅದು ಕೈಗೂಡಲಿಲ್ಲ, ಕೆಂಪನ್ನು ಕಂಡರೆ ನುಡಿಸಲು ಏನೂ ಹೊಳೆಯುವುದಿಲ್ಲ, ಆಕಾರ ಕಂಡರೆ ಹೊಳೆಯುತ್ತದೆ. ತಾಳವಿಲ್ಲದೆ ರಾಗವನ್ನು ಬಿಡಿಸುವ ಆಲಾಪನೆಗೆ ದಾರಿ ತೋರಿದವರು ಚಿತ್ರಕಾರ ಕೆ. ವೆಂಕಟಪ್ಪನವರು (1886–1965). ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರ ಕಲಿತ ಅವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತಿದ್ದರು. ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನದೇ ಕಲಾ ಗ್ಯಾಲರಿ ಇದೆ. ಅವರ ಊಟಿಯ ಜಲವರ್ಣ ಚಿತ್ರಗಳ ಮುಂದೆ ನಿಂತರೆ ಕಣ್ಣಿನ ಆತುರ ಇಳಿಯುತ್ತದೆ. ಜಲವರ್ಣದಲ್ಲಿ ಬೆಳಕು ಬೇಕಾದಲ್ಲಿ ಕಾಗದವನ್ನೇ ಉಳಿಸಿಕೊಳ್ಳುತ್ತಾರೆ. ಬಳಿದ ಮೇಲೆ ಆ ಬಿಳುಪು ಮರಳಿ ಬರುವುದಿಲ್ಲ. ಈಗ ನಾನು ಗಾಂಧಾರದ ಮೇಲೆ ನಿಂತು, ಕಮಾನನ್ನು ತಂತಿಯಿಂದ ಎತ್ತಿ, ಒಂದು ಉಸಿರಿನಷ್ಟು ಹೊತ್ತು ತಂಬೂರಿಯೊಂದನ್ನೇ ಕೇಳಲು ಬಿಡುತ್ತೇನೆ.

ಈ ಧನುರ್ಮಾಸದಲ್ಲಿ ಅತ್ತೆ ಡಮರುವಿನಂತೆ ಚುಕ್ಕಿ ಇಟ್ಟರು: ಏಳರಿಂದ ಒಂದಕ್ಕೆ ಇಳಿದು ಮತ್ತೆ ಏಳು. ಎಣಿಸಿದರೆ 31. ಸಂದು ಬಿಡದೆ, ಒಂದು ಮಾತ್ರೆ ಕಳೆದು ಎತ್ತಿದರೆ ಒಂದೇ ಆವರ್ತಕ್ಕೆ ಸಲೀಸಾಗಿ ಕೂರುತ್ತದೆ. ಹಾಗೆ ನುಡಿಸಲು ನನಗೆ ಮನಸ್ಸಿಲ್ಲ. ಮೂರು ಮಾತ್ರೆ ಬಿಟ್ಟು ಎತ್ತಿ, ಆರು ಸಂದುಗಳಿಗೂ ಐದೈದು ಮಾತ್ರೆ ಕೊಟ್ಟು, ಎರಡು ಆವರ್ತಕ್ಕೆ ಹರಡಿದ್ದೇನೆ. ಐದು ಮಾತ್ರೆ ಸುಮ್ಮನಿರುವುದು ಬಹಳ ದೀರ್ಘ. ಮೂರನೆಯ ಸಂದಿಗೆ ಬರುವಷ್ಟರಲ್ಲಿ ಕೈ ಇನ್ನೂ ಕಮಾನನ್ನು ಎಳೆಯಲು ಹೊರಡುತ್ತದೆ.