ಬೀಪ್ ನಂಬಿ ಕೆಟ್ಟೆ: ಗೌಡ್ರ ಗಾಡಿಯ ನ್ಯೂಟ್ರಲ್ ಸ್ವಿಚ್ಚಿನ ಕತೆ

"ಇನ್ನೊಂದು ಚಳಿಗಾಲ ದಾಟಲಿ, ಆಮೇಲೆ ಮಾತಾಡು" ಅಂದಿದ್ದರು ಕಡೂರು ರಸ್ತೆಯ ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಅಣ್ಣ, ಚಳಿಗೆ ಸ್ಟಾರ್ಟ್ ಆಗದ ಗಾಡಿಯೊಂದನ್ನು ಸರಿ ಮಾಡಿದೆ ಅಂತ ನಾನು ಹೇಳಿದಾಗ. ದಾಟಿತು. ಮಳೆಗಾಲವೂ ಕಳೆಯಿತು, ಮತ್ತೆ ಅರೇಬಿಕಾ ಕೊಯ್ಲೂ ಮುಗಿಯಿತು. ಗಾಡಿ ಒಂದು ಬೆಳಗ್ಗೆಯೂ ಕೈ ಕೊಟ್ಟಿಲ್ಲ. ಈಗ ಮಾತಾಡಬಹುದು ಅಲ್ವಾ?

ಗಾಡಿ ಆಲ್ದೂರು ಕಡೆಯ ಒಬ್ಬ ಗೌಡ್ರದ್ದು. ಹಳೇ ಫೋರ್ ಸ್ಪೀಡ್ ಆಟೋಮ್ಯಾಟಿಕ್ ಸೆಡಾನ್. ಬೆಳಗ್ಗೆ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ಪೂರ್ತಿ ಲೈಟು, ಸೆಲ್ಫ್ (ಸ್ಟಾರ್ಟರ್ ಮೋಟಾರು) ಮಾತ್ರ ತುಟಿಪಿಟಿಕ್ ಅನ್ನುವುದಿಲ್ಲ. ಹತ್ತು ಗಂಟೆಗೆ ಬಿಸಿಲು ಬಿದ್ದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ನನ್ನ ಹತ್ತಿರ ಬರುವ ಮೊದಲೇ ಬೇರೆ ಕಡೆ ಹೊಸ ಬ್ಯಾಟರಿ ಹಾಕಿಸಿ ಐದೂವರೆ ಸಾವಿರ, ಸೆಲ್ಫ್ ಬಿಚ್ಚಿ ಬುಷ್ಷು ಬ್ರಷ್ಷು ಬದಲಾಯಿಸಿ ಎರಡು ಸಾವಿರದ ಎಂಟುನೂರೋ ಏನೋ ಕೊಟ್ಟಿದ್ದರು. ಕೊನೆಗೆ ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಬಂದು ಕೂತರೆ ಗಾಡಿ ಸುಮ್ಮನೆ ನಿಂತಿತ್ತಂತೆ. ಮಂಜು ಬೇರೆ. ಪಾಪ, ಯಾರೋ ನಾಲ್ಕು ಹುಡುಗರು ಬಂದು ನೂಕಿದ್ದಾರೆ. ಆಟೋಮ್ಯಾಟಿಕ್ ಗಾಡಿ ನೂಕಿದರೆ ಬೆವರು ಬರುತ್ತದೆ, ಎಂಜಿನ್ ಬರುವುದಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಪಿ (ಪಾರ್ಕ್) ನಲ್ಲಿ ಬಾರದ್ದು ಎನ್ (ನ್ಯೂಟ್ರಲ್) ಗೆ ತಂದು ಗೇರ್ ಲಿವರ್ ಅಲ್ಲಾಡಿಸಿದರೆ ಒಮ್ಮೊಮ್ಮೆ ಬರುತ್ತಿತ್ತು. ಹಾಗಂದ ಮೇಲೆ ನ್ಯೂಟ್ರಲ್ ಸ್ವಿಚ್ಚೇ (ಗೇರ್ ಪಿ ಅಥವಾ ಎನ್ ನಲ್ಲಿದ್ದರೆ ಮಾತ್ರ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್ಚು) ಅಂತ ಮೊದಲ ದಿನವೇ ಅನುಮಾನ ಬಂದಿತ್ತು. ಮಧ್ಯಾಹ್ನ ಸ್ವಿಚ್ಚಿನ ಕಪ್ಲರ್ (ವೈರು ಸೇರುವ ಪ್ಲಗ್ಗು) ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಪಿ ಗೆ ಬೀಪ್ (ಅಂದರೆ ಕರೆಂಟಿಗೆ ದಾರಿಯಿದೆ), ಎನ್ ಗೆ ಬೀಪ್, ಬೇರೆ ಕಡೆ ಇಲ್ಲ. ಸ್ವಿಚ್ ಸರಿಯಿದೆ ಅಂದುಕೊಂಡು ಇಗ್ನಿಷನ್ ಸ್ವಿಚ್ ಬದಲಾಯಿಸಿದೆ. ಸಾವಿರದ ಎಂಟುನೂರು. ಮಾರನೇ ಬೆಳಗ್ಗೆ ಆರೂವರೆಗೆ ಫೋನು: "ಏನಪ್ಪಾ, ಮತ್ತೆ ಹಂಗೇ ಆಯ್ತಲ್ಲ!" ಆ ದುಡ್ಡು ನಾನು ಬಿಲ್ಲಿಗೆ ಹಾಕಲಿಲ್ಲ. ಹಾಕುವುದಕ್ಕೆ ಮುಖವೂ ಇರಲಿಲ್ಲ.

ದಾರಿ ತೋರಿಸಿದ್ದು ಗೌಡ್ರ ತೋಟದ ಲೆಕ್ಕ ಬರೆಯುವ ರೈಟರ್. ಕಣದಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಅವರೇ ಹಿಂದೆ ನಿಂತು ಕೈ ತೋರಿಸುವುದು. "ಅಣ್ಣ, ಬಿಳಿ ಲೈಟು ಕಣ್ಣು ಹೊಡೀತದೆ" ಅಂದರು. ಅಂದರೆ ರಿವರ್ಸ್ ಲೈಟು ಹತ್ತಿ ಆರುತ್ತಿತ್ತು. ಅದಕ್ಕೂ ಲೈನು ಹೋಗುವುದು ಅದೇ ನ್ಯೂಟ್ರಲ್ ಸ್ವಿಚ್ಚಿನಿಂದ. ಬ್ಯಾಟರಿ, ಸೆಲ್ಫ್, ಇಗ್ನಿಷನ್ ಕೆಟ್ಟಿದ್ದರೆ ರಿವರ್ಸ್ ಲೈಟು ಯಾಕೆ ಕಣ್ಣು ಹೊಡೆಯಬೇಕು? ಅವತ್ತು ಗಾಡಿಯನ್ನು ರಾತ್ರಿ ನನ್ನ ಶೆಡ್ಡಿನ ಹೊರಗೇ ಬಿಡಿಸಿಕೊಂಡೆ.

ಬೆಳಗ್ಗೆ ಐದೂವರೆಗೆ ಹೋಗಿ, ಕೀ ತಿರುಗಿಸಿದಾಗ ಕರೆಂಟ್ ಬರುವ ಸೆಲ್ಫಿನ ಎಸ್ ಟರ್ಮಿನಲ್‌ಗೆ ಮೀಟರ್ ಹಿಡಿದು ಹುಡುಗನಿಗೆ ಕೀ ತಿರುಗಿಸಲು ಹೇಳಿದೆ. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು, ಎಸ್ ನಲ್ಲಿ ಆರೂವರೆಯೋ ಏಳೋ. ಈ ಗಾಡಿಯಲ್ಲಿ ನಡುವೆ ದೊಡ್ಡ ಕರೆಂಟ್ ಹೊರುವ ರಿಲೇ ಇಲ್ಲ. ಸೆಲ್ಫನ್ನು ಜೋಡಿಸುವ ಸೊಲೆನಾಯ್ಡ್ ಎಳೆಯುವ ಕರೆಂಟೆಲ್ಲ ಆ ಪುಟ್ಟ ಸ್ವಿಚ್ಚಿನ ಹೊಟ್ಟೆಯೊಳಗಿಂದಲೇ ಹೋಗಬೇಕು. ಮೀಟರ್ ಬೀಪ್ ಅನ್ನುವುದಕ್ಕೆ ಇರುವೆಯಷ್ಟು ಕರೆಂಟ್ ಸಾಕು. ಮೂವತ್ತು ಓಮ್ ಇದ್ದರೂ ಎಷ್ಟೋ ಮೀಟರು ಬೀಪ್ ಅನ್ನುತ್ತವೆ. ಇಲ್ಲಿ ಅರ್ಧ ಓಮ್ ಇದ್ದರೆ ಸಾಕು, ಸೆಲ್ಫ್ ಕತೆ ಮುಗಿಯಿತು.

ಅಂದಿನಿಂದ ನನ್ನ ಹತ್ತಿರ ಒಂದು ಹೆಡ್‌ಲೈಟ್ ಬಲ್ಬ್ ಇದೆ. ಹೈ ಬೀಮ್ ಸುಟ್ಟು ಲೋ ಬೀಮ್ ಉಳಿದಿರುವ ಎಚ್4. ಎರಡು ವೈರು, ಎರಡು ಕ್ರೊಕೊಡೈಲ್ ಕ್ಲಿಪ್, ಅಷ್ಟೇ. 55 ವ್ಯಾಟ್ ಅಂದರೆ ನಾಲ್ಕೂವರೆ ಆಂಪಿಯರ್ ಹತ್ತಿರ ಎಳೆಯುತ್ತದೆ. ಸ್ವಿಚ್ಚಿನ ಮೂಲಕ ಇದನ್ನು ಉರಿಸಿ ನೋಡಿ. ಸ್ವಿಚ್ ಒಳ್ಳೆಯದಾದರೆ ಬೆಳ್ಳಗೆ, ಕೆಟ್ಟಿದ್ದರೆ ಹಳದಿ. ಇದನ್ನು ಅಣ್ಣನಿಗೆ ತೋರಿಸಿದಾಗ "ಮೀಟರ್ ಬಿಟ್ಟು ಬಲ್ಬ್ ಹಿಡ್ಕೊಂಡ್ಯಾ, ಹಿಂದಕ್ಕೆ ಹೋಗ್ತಿದ್ದೀಯ" ಅಂತ ನಕ್ಕರು.

ಅದಕ್ಕಿಂತ ಹೆಚ್ಚು ನಗಿಸಿದ್ದು ಫ್ರಿಜ್ ಟೆಸ್ಟ್. ಸ್ವಿಚ್ ಬಿಚ್ಚಿ ಟೇಬಲ್ ಮೇಲೆ ಬಲ್ಬ್ ಹಾಕಿದರೆ ಬೆಳ್ಳಗೇ ಉರಿಯಿತು. ತೇವ ಇರಬೇಕು ಅಂತ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟೆ. ಏನೂ ಆಗಲಿಲ್ಲ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮನೆಯ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಮನೆಯವಳು ಬೈದದ್ದು ಬೇರೆ ಕತೆ. ಎರಡು ಗಂಟೆ ಬಿಟ್ಟು ತೆಗೆದರೆ ಬಲ್ಬು ಅರಿಶಿನದ ಹಾಗೆ ಮಂಕು! ಕೈಯಲ್ಲಿ ಹಿಡಿದು ಬಿಸಿ ಮಾಡುತ್ತಾ ಅತ್ತಿತ್ತ ತಿರುಗಿಸಿದರೆ ನಿಧಾನಕ್ಕೆ ಬೆಳ್ಳಗಾಯಿತು. ತೇವ ಅಲ್ಲ, ಚಳಿ.

ರಿವೆಟ್ ಕೊರೆದು ತೆಗೆದಾಗ ಗೊತ್ತಾಯಿತು. ಒಳಗಿನ ಗ್ರೀಸ್ ಒಣಗಿ ಕಪ್ಪು ಬೆಲ್ಲದ ಪಾಕ ಆಗಿತ್ತು. ಚಳಿಗೆ ಅದು ಗಟ್ಟಿಯಾದರೆ ಸ್ಪ್ರಿಂಗ್ ಕಾಂಟ್ಯಾಕ್ಟು ತಾಮ್ರದ ಪಟ್ಟಿ ಮುಟ್ಟುವ ಬದಲು ಗ್ರೀಸ್ ಮೇಲೆ ಕೂರುತ್ತದೆ. ಜೊತೆಗೆ ಪಿ ಜಾಗದಲ್ಲಿ ಪಟ್ಟಿ ಸವೆದು ಗುಂಡಿ ಬಿದ್ದಿತ್ತು. ಸ್ವಿಚ್ಚಿನ ನಡುವೆ ಹಾದು ಗೇರ್ ಬಾಕ್ಸಿಗೆ ಹೋಗುವ ಷಾಫ್ಟಿನ ಸೀಲಿನಿಂದ ಗೇರ್ ಬಾಕ್ಸ್ ಆಯಿಲ್ ಜಿನುಗಿ ಒಳಗೆ ಸೇರಿದ್ದೂ ಕಾಣುತ್ತಿತ್ತು. ಪಟ್ಟಿ ಗುಂಡಿ ಬಿದ್ದಿದ್ದರಿಂದ ಅದನ್ನೇ ರಿಪೇರಿ ಮಾಡುವ ಹಾಗಿರಲಿಲ್ಲ.

ಒರಿಜಿನಲ್ ಆರ್ಡರ್ ಹಾಕಿದರೆ ಏಳು ಸಾವಿರದ ಹತ್ತಿರ, ಮೂರು ವಾರ. ಕೊಯ್ಲಿನ ಟೈಮಲ್ಲಿ ಗೌಡ್ರು ಮೂರು ವಾರ ಕಾಯುತ್ತಾರಾ? ಎರಡು ಸಾವಿರದ ಇನ್ನೂರಕ್ಕೆ ಡೂಪ್ಲಿಕೇಟ್ ತಂದೆ. ಅದರ ಮೇಲಿದ್ದ ಗುರುತಿಗೆ ಸರಿಯಾಗಿ ಕೂರಿಸಿದರೆ ಎನ್ ನಲ್ಲಿ ಸ್ಟಾರ್ಟ್, ಪಿ ನಲ್ಲಿ ಇಲ್ಲ. ಪಿ ಗೆ ಸರಿ ಮಾಡಿದರೆ ಆರ್ (ರಿವರ್ಸ್) ನಲ್ಲೂ ಸೆಲ್ಫ್ ತಿರುಗಿತು! ಬ್ರೇಕ್ ಮೇಲೆ ಕಾಲಿಲ್ಲದಿದ್ದರೆ ಹಿಂದಿದ್ದ ಜಾಕ್, ಹುಡುಗ ಎರಡೂ ಹೋಗುತ್ತಿದ್ದವು. ವಾಪಸ್ ಕೊಡಲು ಹೋದರೆ ಅಂಗಡಿಯವರು ಗೋಡೆ ಮೇಲಿನ ಬೋರ್ಡ್ ತೋರಿಸಿದರು: ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ.

"ಡೈರೆಕ್ಟ್ ಕೊಟ್ಬಿಡು, ಎರಡು ವೈರ್ ಸೇರಿಸಿದ್ರೆ ಆಯ್ತು" ಅಂದವರು ಇಬ್ಬರು, ಅಂದರೆ ಸ್ವಿಚ್ಚೇ ಇಲ್ಲದ ಹಾಗೆ. ನಾನು ಮಾಡುವುದಿಲ್ಲ. ಗಾಡಿ ತೋಟದ ಇಳಿಜಾರಿನಲ್ಲಿ ನಿಲ್ಲುವುದು, ಕೆಳಗೆ ಕೆಲಸದವರ ಮಕ್ಕಳು ಆಡುತ್ತಿರುತ್ತಾರೆ. ಡಿ (ಡ್ರೈವ್) ನಲ್ಲಿ ಬಿಟ್ಟು ಯಾರಾದರೂ ಕೀ ತಿರುಗಿಸಿದರೆ?

ಕೊನೆಗೆ ಬೆಂಗಳೂರಿಗೆ ಹೋಗುವ ಒಬ್ಬರ ಕೈಲಿ ಜೆ.ಸಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಒರಿಜಿನಲ್ ತರಿಸಿದೆ. ಒಂಬೈನೂರು. ಅದನ್ನೂ ಬಿಚ್ಚಿದೆ. ಗ್ರೀಸ್ ಅದರಲ್ಲೂ ಒಣಗಿತ್ತು, ಆದರೆ ಪಟ್ಟಿಗಳು ಹೊಸದರ ಹಾಗಿದ್ದವು. ತೊಳೆದು, ಪೆನ್ಸಿಲ್ ರಬ್ಬರಿನಿಂದ ತಾಮ್ರ ಉಜ್ಜಿ (ಸ್ಯಾಂಡ್ ಪೇಪರ್ ಹಾಕಬೇಡಿ, ಗೀರು ಬಿದ್ದು ಬೇಗ ಸವೆಯುತ್ತದೆ), ಹೊಸ ಗ್ರೀಸ್ ಹಚ್ಚಿದೆ. ಮೊದಲು ವ್ಯಾಸಲೀನ್ ಹಚ್ಚಿ ನೋಡಿದ್ದೆ. ಎಂಜಿನ್ ಬಿಸಿಗೆ ಅದು ನೀರಾಗುತ್ತದೆ. ವೀಲ್ ಬೇರಿಂಗ್ ಗ್ರೀಸ್ ಫ್ರಿಜ್ಜಿನಲ್ಲೇ ಫೇಲ್. ಕೊನೆಗೆ ಯಾವುದು ಪಾಸಾಯಿತು, ಮುಚ್ಚಳ ಮತ್ತೆ ಯಾವುದರಿಂದ ಅಂಟಿಸಿದೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ. ಹೊಟ್ಟೆಪಾಡು ನೋಡಿ.

ಕೂರಿಸುವಾಗ ಎರಡು ಮಾತು. ಷಾಫ್ಟಿನ ಲಿವರ್ ನಟ್ಟು ಬಿಚ್ಚುವಾಗ ಲಿವರನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಿ. ಆ ತಿರುಚಾಟ ಗೇರ್ ಬಾಕ್ಸ್ ಒಳಗೆ ಹೋಗಬಾರದು. ಸ್ವಿಚ್ಚಿನ ಎರಡು ಬೋಲ್ಟಿಗೆ (ಹತ್ತರ ಸ್ಪ್ಯಾನರಿನವು) ಮಣಿಕಟ್ಟಿನ ಬಲ ಸಾಕು. ನಾನು ಬೇರೆ ಗಾಡಿಯಲ್ಲಿ ಬೋಲ್ಟ್ ಕೂರುವ ಸ್ವಿಚ್ಚಿನ ಕಿವಿಯೊಂದನ್ನು ಮುರಿದವನು.

ಗುರುತು ನಂಬಿ ಕೆಟ್ಟಿದ್ದರಿಂದ ಈ ಸಲ ಬಲ್ಬಿನಿಂದಲೇ ಸೆಟ್ ಮಾಡಿದೆ. ಗೇರ್ ಎನ್ ನಲ್ಲಿಟ್ಟು, ಬೋಲ್ಟ್ ಸಡಿಲ ಬಿಟ್ಟು, ಸ್ವಿಚ್ಚನ್ನು ನಿಧಾನಕ್ಕೆ ತಿರುಗಿಸಿದೆ. ಬಲ್ಬ್ ಹತ್ತಿದ ಕಡೆ ಒಂದು ಚುಕ್ಕಿ, ಆರಿದ ಕಡೆ ಒಂದು ಚುಕ್ಕಿ. ಮಗಳ ನೈಲ್ ಪಾಲಿಶ್ ಉಪಯೋಗಕ್ಕೆ ಬಂತು. ಸರಿಯಾಗಿ ನಡುವೆ ನಿಲ್ಲಿಸಿ ಬೋಲ್ಟ್ ಬಿಗಿ ಮಾಡಿದೆ. ಪಿ ಗೆ ತಂದೆ, ಅಲ್ಲೂ ಬೆಳ್ಳಗೆ. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲೆ ಒತ್ತಿ, ಆರ್, ಡಿ, ಎಲ್ಲದರಲ್ಲೂ ಕೀ ತಿರುಗಿಸಿ ನೋಡಿದೆ. ಸೆಲ್ಫ್ ಸುದ್ದಿಯೇ ಇಲ್ಲ. ಮಾರನೇ ಬೆಳಗ್ಗೆ ಐದೂವರೆಗೆ ಎಸ್ ನಲ್ಲಿ ವೋಲ್ಟೇಜ್ ಬ್ಯಾಟರಿಗಿಂತ ಅರ್ಧ ವೋಲ್ಟೂ ಕಡಿಮೆ ಇರಲಿಲ್ಲ. ಷಾಫ್ಟ್ ಸೀಲ್ ಕೂಡ ಬದಲಾಯಿಸಿದೆ, ನೂರೈವತ್ತೋ ಏನೋ. ಅದನ್ನು ಬಿಟ್ಟಿದ್ದರೆ ಇಷ್ಟೆಲ್ಲ ಮಾಡಿ ದಂಡ.

ಗೌಡ್ರಿಗೆ ಸ್ವಿಚ್ಚು, ಸೀಲು, ಕೂಲಿ ಸೇರಿ ಎರಡೂವರೆ ಸಾವಿರ ಹೇಳಿದೆ. ಎರಡು ಸಾವಿರ ಕೊಟ್ಟು, ಉಳಿದದ್ದಕ್ಕೆ ಮನೆಯಲ್ಲೇ ಹುರಿದ ಎರಡು ಕೆಜಿ ಕಾಫಿ ಪುಡಿ ಕಳಿಸಿದರು. ಡೂಪ್ಲಿಕೇಟ್ ಸ್ವಿಚ್ಚು ಇನ್ನೂ ಶೆಡ್ಡಿನ ಮೊಳೆಗೆ ನೇತಾಡುತ್ತಿದೆ. ಅಣ್ಣ ಮೊನ್ನೆ ಹಾಸನದ ಒಂದು ಗಾಡಿ ಹಿಡಿದುಕೊಂಡು ಬಂದಿದ್ದರು. ಸ್ವಿಚ್ ಬಗ್ಗೆ ಏನೂ ಕೇಳಲಿಲ್ಲ, "ಆ ಬಲ್ಬ್ ಕೊಡು, ಸಂಜೆ ತಂದುಕೊಡ್ತೀನಿ" ಅಂದರು. ಮೂರು ದಿನ ಆಯಿತು, ಇನ್ನೂ ತಂದಿಲ್ಲ.