ಬೇಸ್‌ಬಾಲ್: ಲೈನಪ್ ಜಗಳ ಬಿಡಿಸುವುದು ಹೇಗೆ?

ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಕ್ರಮವನ್ನು ಆಟದ ನಡುವೆಯೇ ಬದಲಿಸಬಹುದು. ಬೇಸ್‌ಬಾಲ್‌ನಲ್ಲಿ ಅದು ನಡೆಯದು: ಲೈನಪ್ ಕಾರ್ಡ್‌ನಲ್ಲಿರುವ (ಬ್ಯಾಟಿಂಗ್ ಸರದಿಯ ಪಟ್ಟಿ) ಒಂಬತ್ತು ಹೆಸರು ಅದೇ ಸರದಿಯಲ್ಲಿ ಬರಬೇಕು. ಅಮೆರಿಕದ ಹವ್ಯಾಸಿ ಲೀಗ್‌ಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಮೊದಲು ಯಾವ ನಿಯಮ ಪುಸ್ತಕ ಎಂದು ಕೇಳಿಕೊಳ್ಳಿ. ಮೇಜರ್ ಲೀಗ್ ಬಳಸುವ ಅಧಿಕೃತ ನಿಯಮದಲ್ಲಿ ಡಿಸಿಗ್ನೇಟೆಡ್ ಹಿಟರ್ (ಡಿಎಚ್: ಫೀಲ್ಡಿಂಗ್ ಮಾಡದೆ ಇನ್ನೊಬ್ಬನ ಬದಲಿಗೆ ಬ್ಯಾಟ್ ಹಿಡಿಯುವವನು) ಬ್ಯಾಟ್ ಮಾಡುವುದು ಪಿಚರ್ (ಚೆಂಡು ಎಸೆಯುವವನು) ಬದಲಿಗೆ ಮಾತ್ರ. ಹೈಸ್ಕೂಲ್ ನಿಯಮದಲ್ಲಾದರೆ ಯಾವ ಫೀಲ್ಡರ್ ಬದಲಿಗೂ ಆಗುತ್ತದೆ. ಇಬ್ಬರು ಕೋಚ್‌ಗಳು ಎರಡು ಪುಸ್ತಕ ನಂಬಿಕೊಂಡು ಬಂದರೆ ವಾದ ಮುಗಿಯುವುದೇ ಇಲ್ಲ.

ಆಮೇಲೆ ಕಾರ್ಡ್. ಎಂಟೇ ಹೆಸರಿದೆಯೇ, ಒಂದೇ ಸರ್‌ನೇಮ್‌ನ ಇಬ್ಬರಿದ್ದಾರೆಯೇ ನೋಡಿ, ಆಟ ಶುರುಮಾಡಲು ಅಂಪೈರ್ 'ಪ್ಲೇ' ಕೂಗುವ ಮೊದಲೇ ತಿದ್ದಿಸಿ. ಡಿಎಚ್ ಹೆಸರು ಆರಂಭದಲ್ಲಿ ಇಲ್ಲದಿದ್ದರೆ ಆ ಪಂದ್ಯಕ್ಕೆ ಡಿಎಚ್ ಇಲ್ಲ. ಇಲ್ಲಿಂದ ಮುಂದೆ ಹೇಳುವುದೆಲ್ಲ ಅಧಿಕೃತ ನಿಯಮದ ಲೆಕ್ಕ.

ಎಲ್ಲರೂ ಎಡವುವುದು ಡಿಎಚ್ ಫೀಲ್ಡಿಂಗ್‌ಗೆ ಇಳಿದಾಗ. ಡಿಎಚ್ 4ನೇ ಕ್ರಮಾಂಕದವನು, ಫಸ್ಟ್ ಬೇಸ್‌ಮನ್ (ಓಟಗಾರರು ಮುಟ್ಟಬೇಕಾದ ಬೇಸ್‌ಗಳಲ್ಲಿ ಮೊದಲನೆಯದನ್ನು ಕಾಯುವ ಫೀಲ್ಡರ್) 7ನೆಯವನು ಎಂದುಕೊಳ್ಳಿ. ಫಸ್ಟ್ ಬೇಸ್‌ಮನ್ ಹೊರಹೋಗಿ ಡಿಎಚ್ ಆ ಜಾಗಕ್ಕೆ ಬಂದರೆ ಡಿಎಚ್ ಸೌಲಭ್ಯ ಅಲ್ಲಿಗೇ ಮುಗಿಯಿತು. ಅವನು 4ರಲ್ಲೇ ಉಳಿಯುತ್ತಾನೆ, ಪಿಚರ್ 7ಕ್ಕೆ ಬರುತ್ತಾನೆ. ಪಿಚರ್‌ನನ್ನು 4ಕ್ಕೆ ಬರೆಯುವುದು ಮಾಮೂಲಿ ತಪ್ಪು. ಪಿಚರ್ ಬೇರೆ ಫೀಲ್ಡಿಂಗ್ ಜಾಗಕ್ಕೆ ಹೋದರೂ ಡಿಎಚ್ ರದ್ದು; ಆ ಪಂದ್ಯದಲ್ಲಿ ಮತ್ತೆ ಸಿಗದು.

ಸರದಿ ತಪ್ಪಿ ಬ್ಯಾಟ್ ಮಾಡಿದಾಗ ತೀರ್ಪು ಪೂರ್ತಿ ನಿಂತಿರುವುದು ತಪ್ಪನ್ನು ಯಾವ ಹೊತ್ತಿಗೆ ಎತ್ತಿದರು ಎಂಬುದರ ಮೇಲೆ. 5ನೆಯವನ ಸರದಿಯಲ್ಲಿ 6ನೆಯವನು ಬಂದನೆನ್ನಿ. ಅವನು ಇನ್ನೂ ಆಡುತ್ತಿದ್ದರೆ 5ನೆಯವನು ಬಂದು ನಿಂತರೆ ಸಾಕು. ಅಲ್ಲಿಯವರೆಗಿನ ಬಾಲ್ (ಬ್ಯಾಟರ್‌ಗೆ ಅನುಕೂಲವಾಗಿ ಎಣಿಸುವ ಎಸೆತ), ಸ್ಟ್ರೈಕ್ (ಅವನ ವಿರುದ್ಧ ಎಣಿಸುವ ಎಸೆತ) ಎಣಿಕೆ ಹಾಗೇ ಮುಂದುವರಿಯುತ್ತದೆ. 6ನೆಯವನು ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದ ಮೇಲೆ, ಮುಂದಿನ ಎಸೆತಕ್ಕೆ ಅಥವಾ ಬೇರಾವುದೇ ಪ್ಲೇಗೆ ಮೊದಲು ಎದುರಾಳಿಗಳು ಅಪೀಲು ಮಾಡಿದರೆ 5ನೆಯವನು ಔಟ್. ಆ ಹೊಡೆತದಿಂದ ಬಂದ ರನ್ ಅಳಿಯುತ್ತದೆ, ಓಟಗಾರರು ಹಳೆಯ ಬೇಸ್‌ಗೆ ಮರಳುತ್ತಾರೆ, 6ನೆಯವನೇ ಮತ್ತೆ ಬ್ಯಾಟ್ ಹಿಡಿಯುತ್ತಾನೆ. ಒಂದು ಎಸೆತ ಬಿದ್ದುಹೋಯಿತೋ, ಡಬಲ್ ಸಕ್ರಮ. ಮುಂದಿನ ಸರದಿ 7ನೆಯವನದು. ಸರದಿ ತಪ್ಪಿದವನು ಆಡುತ್ತಿದ್ದಾಗ ಓಟಗಾರ ಕದ್ದ ಬೇಸ್ (ಹೊಡೆತವಿಲ್ಲದೆ ಓಡಿ ಗಳಿಸಿದ್ದು) ಮಾತ್ರ ಹೇಗಿದ್ದರೂ ಉಳಿಯುತ್ತದೆ.

ಅಪೀಲು ಬರುವವರೆಗೆ ಅಂಪೈರ್ ಬಾಯಿ ಬಿಡುವಂತಿಲ್ಲ, ಸ್ಕೋರರ್ ಕೂಡ. ಸ್ಕೋರ್ ಪುಸ್ತಕ ಹಿಡಿದು ಕೂತವರು ಯಾರದೋ ಅಪ್ಪನೋ ಅಮ್ಮನೋ ಆಗಿದ್ದಾಗ ಇದು ಕಷ್ಟವೇ!

ಹೇಳದೆ ಕೇಳದೆ ಬಂದ ಬದಲಿ ಆಟಗಾರನನ್ನು ಔಟ್ ಕೊಡಿ ಎಂದು ಕೂಗಬೇಡಿ. ಬ್ಯಾಟರ್ ಬಾಕ್ಸ್‌ಗೆ ಕಾಲಿಟ್ಟರೆ ಅವನು ಆಟದೊಳಗೆ ಬಂದಂತೆಯೇ. ಇನಿಂಗ್ಸ್ ಸಂಖ್ಯೆ ಸಮೇತ ಕಾರ್ಡ್‌ನಲ್ಲಿ ಗುರುತು ಹಾಕಿ. ಅವನಿಗೆ ಜಾಗ ಬಿಟ್ಟವನು ಮತ್ತೆ ಮೈದಾನಕ್ಕೆ ಇಳಿದರೆ, ಗೊತ್ತಾದ ಕೂಡಲೇ ಅಂಪೈರ್ ಹೊರಗೆ ಕಳಿಸುತ್ತಾರೆ. ಅಷ್ಟರಲ್ಲಿ ನಡೆದ ಆಟ ರದ್ದಾಗುವುದಿಲ್ಲ.